ಬಸ್ ಎಲ್ಲಿ ತಿರುಗುತ್ತೆ? ರಾಯಚೂರು ಸೀಮೆಯಲ್ಲಿ ಮೋಟರ್‌ಹೋಂ ಓಡಿಸುವವರಿಗೊಂದು ಮಾರ್ಗದರ್ಶಿ

ಸಿಂಧನೂರಿನಿಂದ ಮಸ್ಕಿಗೆ ಹೋಗುವ ದಾರಿಯಲ್ಲಿ ಒಂದು ಮಿರ್ಚಿ ಅಂಗಡಿ. ತಿಂದು, ಚಹಾ ಕುಡಿದು ಗಾಡಿ ಹತ್ತಿದೆ. ಎಡಗಡೆ ಅಂಗಡಿ, ಅದಕ್ಕೊಂದು ತಗಡಿನ ಚಪ್ಪರ, ಚಪ್ಪರಕ್ಕೆ ಬಿದಿರಿನ ಕಂಬ. ಸ್ಟೇರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿ ರಸ್ತೆಗೆ ಬಂದೆ. ಮುಂದಿನ ಮೂತಿ ಚೆನ್ನಾಗಿಯೇ ಹೊರಟಿತು. ಹಿಂದಿನಿಂದ ಮಾತ್ರ 'ಫಟ್' ಅಂತ ಸದ್ದು. ಇಳಿದು ನೋಡಿದರೆ ಕಂಬ ಮುರಿದಿದೆ, ಚಪ್ಪರ ಅರ್ಧ ವಾಲಿದೆ. ಅಂಗಡಿಯ ಅಮ್ಮ ಎಣ್ಣೆ ಸೋರುವ ಸೌಟು ಹಿಡಿದು ನನ್ನನ್ನೇ ನೋಡುತ್ತಿದ್ದಾರೆ. ಕಂಬ, ತಗಡು ಎಲ್ಲಾ ಸೇರಿ 800 ರೂಪಾಯಿ ಕೊಟ್ಟೆ. ಅವರು ದುಡ್ಡು ಸೆರಗಿಗೆ ಕಟ್ಟಿಕೊಳ್ಳುತ್ತಾ ಅಂದರು, "ಮುಂದ ಒಂದ ನೋಡಿದ್ರ ಆತೇನಪಾ? ಗಾಡಿ ಹಿಂದೂ ಐತಿ."

ಕಾರು ಓಡಿಸಿ ರೂಢಿಯಾದವರಿಗೆ ಮೋಟರ್‌ಹೋಂ, ಅಂದರೆ ಮಲಗುವ ಜಾಗ, ಒಲೆ ಎಲ್ಲಾ ಒಳಗೇ ಇರುವ ಮನೆಗಾಡಿ, ಕೈಕೊಡುವುದು ಹೀಗೇ. ಮುಂದಕ್ಕೆ ಓಡಿಸುವುದು ಕಷ್ಟವಲ್ಲ, ಎರಡು ದಿನದಲ್ಲಿ ಬರುತ್ತದೆ. ಕಲಿಯಬೇಕಾದದ್ದು ಹಿಂಭಾಗವನ್ನು, ಮೇಲ್ಭಾಗವನ್ನು, ಮತ್ತೆ ಎಲ್ಲಿ ಒಳಗೆ ಹೋಗಬಾರದು ಅನ್ನುವುದನ್ನು. ನನಗೆ ಇದನ್ನು ಹೇಳಿಕೊಟ್ಟವರು ನನ್ನ ಸೋದರಮಾವ. ಲಿಂಗಸುಗೂರು ಕಡೆಯ ಹಳ್ಳಿ ರೂಟುಗಳಲ್ಲಿ 30 ವರ್ಷ ಬಸ್ ಓಡಿಸಿ ನಿವೃತ್ತರಾದವರು.

ಮೊದಲು ಟೇಪು ಹಿಡಿಯಿರಿ

ಬಾಡಿಗೆಗೆ ತಂದಿದ್ದರೂ ಸರಿ, ಸ್ವಂತದ್ದಾದರೂ ಸರಿ, ಕಾಗದದಲ್ಲಿ ಬರೆದ ಅಳತೆ ನಂಬಬೇಡಿ. ಎತ್ತರ ಅಳೆಯುವಾಗ ಮೇಲಿನ ಎಸಿ ಡಬ್ಬಿ, ಸೋಲಾರ್ ಹಲಗೆ, ಆಂಟೆನಾ ಎಲ್ಲಾ ಸೇರಿಸಿ. ಅಗಲ ಅಳೆಯುವಾಗ ಕನ್ನಡಿಗಳ ತುದಿಯಿಂದ ತುದಿಗೆ ಅಳೆಯಿರಿ. ನಮ್ಮದು ಮಿನಿಬಸ್ಸಿನ ಚಾಸಿ ಮೇಲೆ ಕಟ್ಟಿಸಿದ ಗಾಡಿ. ಉದ್ದ 7.6 ಮೀಟರ್. ಬಾಡಿ ಅಗಲ 2.2, ಕನ್ನಡಿ ಸೇರಿದರೆ 2.6. ಎತ್ತರ 3.2. ಈ ಅಂಕಿಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಸ್ಟೇರಿಂಗ್ ಎದುರಿಗೇ ಅಂಟಿಸಿದ್ದೇನೆ. ಸೇತುವೆ ಎದುರಿಗೆ ಬಂದಾಗ ನೆನಪು ಕೈಕೊಡುತ್ತದೆ, ಚೀಟಿ ಕೊಡುವುದಿಲ್ಲ.

ಇನ್ನೆರಡು ಅಳತೆ ಬೇಕು. ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿನವರೆಗೆ ಎಷ್ಟು, ಹಿಂದಿನ ಗಾಲಿಯ ನಡುವಿನಿಂದ ಬಾಲದ ತುದಿಯವರೆಗೆ ಎಷ್ಟು. ನಮ್ಮ ಗಾಡಿಯಲ್ಲಿ ಇವು 4.2 ಮತ್ತು 2.3 ಮೀಟರ್. ಹಿಂದಿನ ಚಾಚು, ಅಂದರೆ ಈ ಎರಡನೇ ಅಳತೆ, ಗಾಲಿಗಳ ನಡುವಿನ ಅಂತರದ ಶೇ. 60 ದಾಟಬಾರದು ಅಂತ ನಮ್ಮ ಮೋಟಾರು ವಾಹನ ನಿಯಮದಲ್ಲೇ ಇದೆ. ಆ ಮಿತಿಯೊಳಗಿದ್ದರೂ ಮಿರ್ಚಿ ಅಂಗಡಿ ಕಂಬ ಮುರಿಯುವಷ್ಟು ಬಾಲ ಉಳಿದೇ ಇರುತ್ತದೆ.

ಲೈಸೆನ್ಸ್ ವಿಷಯ. ತುಂಬಿದ ಗಾಡಿಯ ಒಟ್ಟು ತೂಕ 7,500 ಕೆಜಿ ಒಳಗಿದ್ದರೆ ಅದು ಲಘು ವಾಹನ, ಎಲ್‌ಎಂವಿ. ಅದಕ್ಕಿಂತ ಜಾಸ್ತಿಯಾದರೆ ಕಾರಿನ ಲೈಸೆನ್ಸ್ ಸಾಲದು. ನೋಂದಣಿ ಪತ್ರದಲ್ಲಿ ತೂಕ ಇರುತ್ತದೆ, ಹೊರಡುವ ಮುಂಚೆ ನೋಡಿಕೊಳ್ಳಿ.

ಖಾಲಿ ಬಯಲಿನಲ್ಲಿ ಒಂದು ಭಾನುವಾರ

ಶಾಲೆ ಬಯಲು, ಜಿನ್ನಿಂಗ್ ಮಿಲ್ಲಿನ ಅಂಗಳ, ಯಾವುದಾದರೂ ಸರಿ. ಗಟ್ಟಿ ನೆಲ ಇರಲಿ. ಹತ್ತಿಪ್ಪತ್ತು ಖಾಲಿ ನೀರಿನ ಬಾಟಲಿ, ಸ್ವಲ್ಪ ಸುಣ್ಣದ ಪುಡಿ ತಗೊಂಡು ಹೋಗಿ.

ಮೊದಲನೇ ಅಭ್ಯಾಸ ಬಾಲದ್ದು. ಗಾಡಿಯನ್ನು ನೆಟ್ಟಗೆ ನಿಲ್ಲಿಸಿ, ಎಡಮಗ್ಗುಲಿಗೆ ಸರಿಯಾಗಿ ನೆಲದ ಮೇಲೆ ಸುಣ್ಣದ ಗೆರೆ ಎಳೆಯಿರಿ. ಈಗ ಸ್ಟೇರಿಂಗ್ ಪೂರ್ತಿ ಬಲಕ್ಕೆ. ಆಮೆಯಂತೆ ಮೂರು ಮೀಟರ್ ಮುಂದೆ ಹೋಗಿ. ಇನ್ನೊಬ್ಬರು ಹಿಂದಿನ ಎಡಮೂಲೆ ಗೆರೆ ದಾಟಿ ಎಷ್ಟು ಹೊರಗೆ ಹೋಯಿತು ಅಂತ ಗುರುತು ಹಾಕಲಿ. ನಮ್ಮ ಗಾಡಿಯಲ್ಲಿ 40 ಸೆಂಟಿಮೀಟರ್. ಒಂದು ಅಡಿಗಿಂತ ಜಾಸ್ತಿ! ಗಾಡಿ ತಿರುಗುವುದು ಹಿಂದಿನ ಗಾಲಿಗಳ ಮೇಲೆ. ಮೂತಿ ಬಲಕ್ಕೆ ಹೋದರೆ ಗಾಲಿಯ ಹಿಂದಿನ ಭಾಗ ಎಡಕ್ಕೆ ಹೋಗಲೇಬೇಕು. ಬೀಸುವ ಕಲ್ಲಿನ ಹಿಡಿಕೆ ಅತ್ತ ಹೋದಾಗ ಎದುರಿನ ಅಂಚು ಇತ್ತ ಬರುತ್ತದಲ್ಲ, ಹಾಗೆ. ಆದ್ದರಿಂದ ಗೋಡೆ, ಕಂಬ, ಬೈಕಿನ ಪಕ್ಕದಿಂದ ಹೊರಡುವಾಗ ಮೊದಲು ನೆಟ್ಟಗೆ ಅರ್ಧ ಗಾಡಿಯಷ್ಟು ಮುಂದೆ ಹೋಗಿ, ಆಮೇಲೆ ನಿಧಾನಕ್ಕೆ ತಿರುಗಿಸಿ. ನಾನು ಅವತ್ತು ಮಾಡದೇ ಬಿಟ್ಟದ್ದು ಇಷ್ಟೇ.

ಎರಡನೇದು ಹಿಂದಿನ ಗಾಲಿಯದ್ದು. ಬಯಲಿನ ಮೇಲೆ ನೀರು ಚೆಲ್ಲಿ, ಒದ್ದೆ ಗಾಲಿಯಲ್ಲೇ ಪೂರ್ತಿ ತಿರುಗಿಸಿ ಒಂದು ಸುತ್ತು ಹೊಡೆಯಿರಿ. ಇಳಿದು ಗುರುತು ನೋಡಿ. ಮುಂದಿನ ಗಾಲಿ ನಡೆದ ದಾರಿಯಲ್ಲಿ ಹಿಂದಿನದು ನಡೆದಿರುವುದಿಲ್ಲ. ನಮ್ಮದರಲ್ಲಿ ಸುಮಾರು ನಾಲ್ಕು ಅಡಿ ಒಳಗೆ ಕತ್ತರಿಸಿಕೊಂಡು ಬರುತ್ತದೆ. ಎಡತಿರುವಿನಲ್ಲಿ ಚರಂಡಿ ಕಲ್ಲು, ಮೈಲಿಗಲ್ಲು, ತರಕಾರಿ ಬುಟ್ಟಿ ಸಿಕ್ಕಿಬೀಳುವುದು ಈ ನಾಲ್ಕು ಅಡಿಯಲ್ಲಿ. ಉಪಾಯ ಸುಲಭ. ತಿರುವಿನ ಮೂಲೆ ನಿಮ್ಮ ಭುಜ ದಾಟುವ ತನಕ ನೆಟ್ಟಗೇ ಹೋಗಿ. ಆಮೇಲೆ ತಿರುಗಿಸಿ, ಕಣ್ಣು ಎಡಗನ್ನಡಿಯ ಮೇಲಿರಲಿ. ಎಡಕ್ಕೆ ನೀವು ಬಿಟ್ಟ ಜಾಗದಲ್ಲಿ ಬೈಕಿನವರು ನುಗ್ಗದೇ ಇರುವುದಿಲ್ಲ. ಇಂಡಿಕೇಟರ್ ಹಾಕಿದ್ದೀರಿ ಅನ್ನುವ ಧೈರ್ಯ ಬೇಡ.

ಮೂರನೇದು ರಿವರ್ಸ್. ಬಾಟಲಿಗಳನ್ನು ಇಟ್ಟು ಗಾಡಿಗಿಂತ ಒಂದು ಮೀಟರ್ ಹೆಚ್ಚು ಅಗಲದ ಮನೆ ಮಾಡಿ, ಅದರೊಳಗೆ ಹಿಂದಕ್ಕೆ ತನ್ನಿ. ಬಾಲ ಯಾವ ಕಡೆ ಹೋಗಬೇಕೋ ಸ್ಟೇರಿಂಗ್ ಆ ಕಡೆಗೇ ತಿರುಗಿಸಬೇಕು. ಸ್ವಲ್ಪ ಸ್ವಲ್ಪವೇ ತಿರುಗಿಸಿ. ಕೆಟ್ಟರೆ ಮುಂದಕ್ಕೆ ಬಂದು ಮತ್ತೆ ಶುರು ಮಾಡಿ. ಮೊದಲ ದಿನ ನಾನು ಒಂಬತ್ತು ಬಾಟಲಿ ಉರುಳಿಸಿದೆ. ಕ್ಯಾಮೆರಾ ಇದ್ದರೂ ಕನ್ನಡಿಯಲ್ಲೇ ಕಲಿಯಿರಿ. ನಮ್ಮ ಧೂಳಿನಲ್ಲಿ ಕ್ಯಾಮೆರಾ ಅರ್ಧ ದಿನಕ್ಕೆ ಕುರುಡಾಗುತ್ತದೆ.

ಕನ್ನಡಿ ಕೂರಿಸುವುದಕ್ಕೂ ಒಂದು ಲೆಕ್ಕ ಇದೆ. ದೊಡ್ಡ ಕನ್ನಡಿಯಲ್ಲಿ ನಿಮ್ಮ ಗಾಡಿಯ ಮಗ್ಗುಲು ಒಂದು ಬೆರಳಷ್ಟು ಕಾಣಲಿ, ಉಳಿದದ್ದು ರಸ್ತೆ. ಕೆಳಗಿನ ಉಬ್ಬು ಕನ್ನಡಿಯಲ್ಲಿ ಹಿಂದಿನ ಗಾಲಿ ನೆಲ ಮುಟ್ಟುವ ಜಾಗ ಕಾಣಲೇಬೇಕು. ಉಬ್ಬು ಕನ್ನಡಿಯಲ್ಲಿ ಎಲ್ಲವೂ ಇರುವುದಕ್ಕಿಂತ ದೂರ ಕಾಣುತ್ತದೆ, ಅದು ನೆನಪಿರಲಿ.

ಹಿಂದೆ ನಿಲ್ಲುವವರು ಯಾರು?

ಲಾರಿಗೆ ಕ್ಲೀನರ್ ಇದ್ದಂತೆ ನಿಮಗೂ ಒಬ್ಬರು ಬೇಕು. ಹೆಂಡತಿಯೋ ಗಂಡನೋ ಮಗಳೋ, ಯಾರಾದರೂ ಸರಿ. ಆದರೆ ಒಬ್ಬರೇ. ಊರೊಳಗೆ ರಿವರ್ಸ್ ತೆಗೆಯುವಾಗ ಆರು ಜನ ಸೇರಿ "ಬರ್ಲಿ ಬರ್ಲಿ", "ಕಟ್ ಹೊಡಿ", "ಏ ಸಾಕ್ ಸಾಕ್" ಅಂತ ಒಟ್ಟಿಗೆ ಕೂಗುತ್ತಾರೆ. ಅವರ ಪ್ರೀತಿಗೆ ಕೈಮುಗಿದು, ನಿಮ್ಮವರ ಕೈ ಮಾತ್ರ ನೋಡಿ. ಸನ್ನೆ ಮೊದಲೇ ಮಾತಾಡಿಕೊಳ್ಳಿ. ಅಂಗೈ ಪೂರ್ತಿ ತೋರಿಸಿದರೆ ಅಲ್ಲೇ ನಿಲ್ಲಬೇಕು. ಅವರು ನಿಮ್ಮ ಕನ್ನಡಿಯಲ್ಲಿ ಕಾಣದೇ ಹೋದ ಕ್ಷಣ ನೀವು ಬ್ರೇಕ್ ಒತ್ತಬೇಕು, ಈ ಒಂದು ನಿಯಮಕ್ಕೆ ರಿಯಾಯಿತಿ ಇಲ್ಲ. ಮತ್ತೆ, ಅವರು ಬರೀ ನೆಲ ನೋಡಿದರೆ ಸಾಲದು. ತಲೆ ಎತ್ತಿ ವೈರು, ಕೊಂಬೆ, ಬಾಲ್ಕನಿಯನ್ನೂ ನೋಡಬೇಕು.

ರಾಯಚೂರು ಕೋಟೆ ನೋಡಿದ್ದೀರಾ? ಕ್ರಿ.ಶ. 1294ರ ಶಾಸನ ಇರುವ ಒಂದು ಬಂಡೆ ಅದರ ಗೋಡೆಯಲ್ಲಿದೆ. ಉದ್ದ 41 ಅಡಿಗಿಂತ ಜಾಸ್ತಿ. ಅದರ ಪಕ್ಕದಲ್ಲೇ ಆ ಬಂಡೆಯನ್ನು ತಂದ ಬಗೆಯನ್ನು ಗೆರೆಯಲ್ಲಿ ಕೆತ್ತಿದ್ದಾರೆ. ಗಟ್ಟಿ ಗಾಲಿಯ ಬಂಡಿ, ಎಳೆಯುವುದಕ್ಕೆ ಕೋಣಗಳ ಉದ್ದ ಸಾಲು, ಹುರಿದುಂಬಿಸುವ ಆಳುಗಳು, ಗಾಲಿಗೆ ಸನ್ನೆಕೋಲು ಕೊಟ್ಟು ನೂಕುವವರು. ಮಾವನನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅವರು ಶಾಸನದ ಕಡೆ ನೋಡಲೇ ಇಲ್ಲ. ಗಾಲಿ ಹತ್ತಿರ ಇರುವವರನ್ನು ತೋರಿಸಿ, "ನೋಡು ತಮ್ಮಾ, ಗಾಲಿ ನೋಡಾಕ ಆಗಲೇ ಬ್ಯಾರೆ ಮಂದಿ ಇದ್ರು" ಅಂದರು. ನಮ್ಮ ಗಾಡಿ 25 ಅಡಿ. ಅವರದ್ದು ಬರೀ ಸರಕೇ 41.

ದಾರಿ ಕೇಳುವುದು ಹೇಗೆ

ಫೋನಿನ ನಕ್ಷೆಗೆ ನಿಮ್ಮ ಗಾಡಿ ಎಷ್ಟೆತ್ತರ, ಎಷ್ಟಗಲ ಅಂತ ಗೊತ್ತಿಲ್ಲ. ಅದು ಕಾರಿಗೆ ದಾರಿ ಹೇಳುತ್ತದೆ. ಹತ್ತು ನಿಮಿಷ ಉಳಿಯುತ್ತದೆ ಅಂತ ಊರ ಓಣಿಗೋ ಕಾಲುವೆ ಏರಿಗೋ ಹತ್ತಿಸಿಬಿಡುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆ ಮತ್ತು ಅದರ ಉಪಕಾಲುವೆಗಳು ಗಂಗಾವತಿ, ಸಿಂಧನೂರು, ಮಾನ್ವಿ ಸೀಮೆಯನ್ನೆಲ್ಲಾ ಹೆಣೆದುಕೊಂಡಿವೆ. ಕಾಲುವೆ ಏರಿಯ ದಾರಿ ಒಂದು ಟ್ರಾಕ್ಟರಿಗೆ ಸರಿ. ಎದುರಿಗೆ ಇನ್ನೊಂದು ಬಂದರೆ ಯಾರೋ ಒಬ್ಬರು ಅರ್ಧ ಕಿಲೋಮೀಟರ್ ಹಿಂದಕ್ಕೆ ಹೋಗಬೇಕು. ಒಂದು ಕಡೆ ನೀರು, ಇನ್ನೊಂದು ಕಡೆ ಭತ್ತದ ಗದ್ದೆ. ಆ ಒಬ್ಬರು ನೀವೇ ಆಗಿರುತ್ತೀರಿ.

ಆದ್ದರಿಂದ ಹಿಂದಿನ ರಾತ್ರಿಯೇ ಮರುದಿನದ ದಾರಿಯನ್ನು ಉಪಗ್ರಹ ಚಿತ್ರದಲ್ಲಿ ನೋಡಿ. ಕೊನೆಯ ಐದು ಕಿಲೋಮೀಟರನ್ನು ಮಾತ್ರ ದೊಡ್ಡದು ಮಾಡಿ ನೋಡಿದರೂ ಸಾಕು, ತೊಂದರೆ ಇರುವುದು ಅಲ್ಲೇ. ಹೆದ್ದಾರಿಗಳ ಬಗ್ಗೆ ಚಿಂತೆ ಬೇಡ. ಲಿಂಗಸುಗೂರು, ಮಸ್ಕಿ, ಸಿಂಧನೂರು, ಸಿರುಗುಪ್ಪ, ಬಳ್ಳಾರಿಯನ್ನು ಜೋಡಿಸುವ 150ಎ ಇರಲಿ, ಕುಷ್ಟಗಿಯಿಂದ ಹೊಸಪೇಟೆ ಕಡೆಗೆ ಇಳಿಯುವ 50 ಇರಲಿ, ಲಾರಿಗಳು ಓಡುವ ರಸ್ತೆ ನಿಮ್ಮನ್ನೂ ಒಯ್ಯುತ್ತದೆ.

ಅಲ್ಲಿಂದ ಒಳಗೆ ತಿರುಗುವಾಗ ಜನರನ್ನು ಕೇಳಬೇಕು. "ಈ ದಾರಿ ಇಟಗಿಗೆ ಹೋಗುತ್ತಾ?" ಅಂತ ಕೇಳಿದರೆ "ಹೋಗ್ತೈತ್ರಿ, ನೆಟ್ಟಗ ಹೋಗ್ರಿ" ಅಂತಲೇ ಹೇಳುತ್ತಾರೆ. ಅವರು ಬೈಕಿನಲ್ಲಿ ಹೋಗುವವರು. ಮಾವ ಹೇಳಿಕೊಟ್ಟ ಪ್ರಶ್ನೆ ಬೇರೆ. ಮೊದಲು, "ಈ ದಾರಿಗೆ ಬಸ್ ಬರುತ್ತಾ?" ಬರುತ್ತದೆ ಅಂದರೆ ಎರಡನೇದು, "ಬಸ್ ಎಲ್ಲಿ ತಿರುಗುತ್ತೆ?" ಸರ್ಕಾರಿ ಬಸ್ಸು ನಿಮ್ಮ ಗಾಡಿಗಿಂತ ಉದ್ದ, ಅಗಲ. ಅದು ಹೋಗುವ ಕಡೆ ನೀವು ಹೋಗಬಹುದು, ಅದು ತಿರುಗುವ ಕಡೆ ನೀವು ತಿರುಗಬಹುದು. ಬಸ್ ತಿರುಗುವ ಜಾಗ ದಾಟಿ ಒಂದಡಿಯೂ ಮುಂದೆ ಹೋಗಬೇಡಿ. ಅಲ್ಲೇ ನಿಲ್ಲಿಸಿ ನಡೆದುಕೊಂಡು ಹೋಗಿ. 1112ರಲ್ಲಿ ಕಟ್ಟಿದ ಇಟಗಿ ಮಹಾದೇವ ದೇವಸ್ಥಾನವನ್ನು ಗಾಡಿಯೊಳಗೆ ಕೂತು ನೋಡುವುದೇನೂ ಇಲ್ಲವಲ್ಲ. ಮುದಗಲ್ ಕೋಟೆಗೂ ಆನೆಗೊಂದಿಗೂ ಇದೇ ಮಾತು. ಹಳೇ ಕೋಟೆ ಊರುಗಳ ಬಾಗಿಲುಗಳು ವೈರಿಗಳು ಸಲೀಸಾಗಿ ಬರಬಾರದು ಅಂತಲೇ ಕಟ್ಟಿದವು. ಮೋಟರ್‌ಹೋಮಿಗೂ ಆ ಮರ್ಯಾದೆ ಸಿಗುತ್ತದೆ.

ಒಂದು ಎಚ್ಚರಿಕೆ. ಬಸ್ಸಿನ ಪ್ರಶ್ನೆ ಉದ್ದಕ್ಕೆ, ಅಗಲಕ್ಕೆ ಸರಿ. ಎತ್ತರಕ್ಕೆ ಪೂರ್ತಿ ನಂಬಬೇಡಿ, ನಿಮ್ಮ ಎಸಿ ಡಬ್ಬಿ ಬಸ್ಸಿಗಿಂತ ಮೇಲಿರಬಹುದು.

ಎತ್ತರ ಅಂದಾಗ ಮೊದಲು ನೆನಪಾಗುವುದು ರೈಲ್ವೆ ಕೆಳಸೇತುವೆ. ಹಳ್ಳಿಗಳ ಗೇಟು ಮುಚ್ಚಿ ಎಷ್ಟೋ ಕಡೆ ಈಗ ಹಳಿ ಕೆಳಗೇ ದಾರಿ ಮಾಡಿದ್ದಾರೆ. ಕೆಂಪು ವೃತ್ತದೊಳಗೆ ಅಂಕಿ, ಅದರ ಮೇಲೊಂದು ಕೆಳಗೊಂದು ಕಪ್ಪು ತ್ರಿಕೋನ ಇದ್ದರೆ ಅದು ಎತ್ತರದ ಮಿತಿ. ತ್ರಿಕೋನಗಳು ಎಡಬಲಕ್ಕಿದ್ದರೆ ಅಗಲದ್ದು. ಫಲಕದ ಅಂಕಿಗೂ ನಿಮ್ಮ ಅಂಕಿಗೂ ಒಂದು ಅಡಿಯಾದರೂ ವ್ಯತ್ಯಾಸ ಇರಲಿ. ಫಲಕ ಹಾಕಿದ ಮೇಲೆ ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಎತ್ತರವಾಗಿರುತ್ತದೆ, ಅಂಕಿ ಮಾತ್ರ ಹಳೇದೇ. ಇಳಿಜಾರು ಮುಗಿದು ಏರು ಶುರುವಾಗುವ ಕಡೆ ಉದ್ದ ಗಾಡಿಯ ನಡುಭಾಗ ಇನ್ನಷ್ಟು ಮೇಲಕ್ಕೆ ಹೋಗುತ್ತದೆ. ಅನುಮಾನ ಬಂದರೆ ಇಳಿಯಿರಿ, ನಡೆದು ನೋಡಿ. ಮಳೆ ನೀರು ನಿಂತಿದ್ದರೆ ಯೋಚನೆಯೇ ಬೇಡ, ವಾಪಸ್ಸು.

ಜಾತ್ರೆ ದಿನಗಳನ್ನೂ ನೋಡಿಕೊಳ್ಳಿ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ, ಹುಣ್ಣಿಮೆಗೆ ಹುಲಿಗಿಯ ಹುಲಿಗೆಮ್ಮನ ಗುಡಿ, ಶನಿವಾರ ಹನುಮನ ಅಂಜನಾದ್ರಿ ಬೆಟ್ಟ. ಇವುಗಳ ದಾರಿಯಲ್ಲಿ ಆ ದಿನ ದೊಡ್ಡ ಗಾಡಿ ತರುವುದು ನಿಮಗೂ ಕಷ್ಟ, ಬರುವ ಭಕ್ತರಿಗೂ ಕಷ್ಟ. ಗಣಪತಿ ಹಬ್ಬದಲ್ಲಿ ರಸ್ತೆಗೆ ಅಡ್ಡ ಕಟ್ಟಿದ ದೀಪದ ಸರ, ಕಮಾನು ಯಾವುದೂ 3.2 ಮೀಟರ್ ಲೆಕ್ಕ ಇಟ್ಟು ಕಟ್ಟಿದ್ದಲ್ಲ.

ರಸ್ತೆಯ ಮೇಲೆ

ಬ್ರೇಕ್ ಹಿಡಿಯುವುದಕ್ಕೆ ಜಾಗ ಬೇಕು. ಮುಂದಿನ ಗಾಡಿ ಒಂದು ಮರ ದಾಟಿದ ಮೇಲೆ ನೀವು ಆ ಮರ ಮುಟ್ಟಲು ನಾಲ್ಕು ಸೆಕೆಂಡ್ ಆಗಬೇಕು. ಗಂಟೆಗೆ 60ರಲ್ಲಿ ಅದು ಸುಮಾರು 65 ಮೀಟರ್. ಆ ಜಾಗಕ್ಕೆ ಯಾರಾದರೂ ನುಗ್ಗುತ್ತಾರೆ. ನುಗ್ಗಲಿ, ನೀವು ಮತ್ತೆ ಹಿಂದೆ ಸರಿಯಿರಿ.

ನೀರಿನ ಟ್ಯಾಂಕ್ ಪೂರ್ತಿ ತುಂಬಿಸಿ, ಇಲ್ಲವೇ ಖಾಲಿ ಇಡಿ. 150 ಲೀಟರ್ ಅಂದರೆ 150 ಕೆಜಿ. ಅರ್ಧ ತುಂಬಿದ್ದರೆ ಪ್ರತಿ ತಿರುವಿನಲ್ಲೂ ಕುಲುಕಿ ಗಾಡಿಯನ್ನು ಜಗ್ಗುತ್ತದೆ. ಗ್ಯಾಸ್ ಸಿಲಿಂಡರ್ ಓಡುವಾಗ ಬಂದ್ ಇರಬೇಕು.

ಆಷಾಢದ ಗಾಳಿ ನಮ್ಮ ಬಯಲಿನಲ್ಲಿ ತಡೆಯಿಲ್ಲದೆ ಬೀಸುತ್ತದೆ. ಮೋಟರ್‌ಹೋಮಿನ ಮಗ್ಗುಲು ಒಂದು ಹಾಯಿ ಇದ್ದಂತೆ. ಎರಡೂ ಕೈ ಸ್ಟೇರಿಂಗ್ ಮೇಲಿಡಿ, ವೇಗ ಇಳಿಸಿ. ತೋರಣಗಲ್ ಕಡೆಯಿಂದ ಉಕ್ಕಿನ ಸುರುಳಿ ಹೊತ್ತ ಟ್ರೇಲರ್ ಎದುರಾದಾಗ ಮೊದಲು ನೂಕಿ ಆಮೇಲೆ ಸೆಳೆಯುತ್ತದೆ. ಅದಕ್ಕೆ ಬೆದರಿ ಸ್ಟೇರಿಂಗ್ ಎಳೆಯಬೇಡಿ.

ಹಂಪುಗಳ ಬಗ್ಗೆ ಏನು ಹೇಳುವುದು? ಪ್ರತಿ ಊರಿನ ಮುಂದೆ ಒಂದು, ಹಿಂದೆ ಒಂದು, ಬಣ್ಣ ಬಳಿದಿದ್ದರೆ ನಿಮ್ಮ ಪುಣ್ಯ. ಮುಂದಿನ ಗಾಲಿ ದಾಟಿತು ಅಂತ ಆಕ್ಸಿಲರೇಟರ್ ಒತ್ತಿದರೆ ಹಿಂದಿನ ಗಾಲಿ ಹಾರಿ, ಬಾಲ ಕೆಳಗೆ ಬಡಿಯುತ್ತದೆ. ಮೊದಲು ಮುರಿಯುವುದು ಕೊಳೆ ನೀರಿನ ಪೈಪು. ಹಿಂದಿನ ಗಾಲಿ ಇಳಿದ ಸದ್ದು ಕೇಳುವ ತನಕ ಕಾಯಿರಿ.

ಸುಗ್ಗಿಯಲ್ಲಿ ರಸ್ತೆಯೇ ಕಣ. ಹುರುಳಿಯೋ ಇನ್ನೊಂದೋ ಹರಡಿರುತ್ತಾರೆ, ಗಾಡಿಗಳ ಗಾಲಿಯಲ್ಲೇ ಒಕ್ಕಣೆ. ಒಣ ಬಳ್ಳಿ ಕೆಳಗಿನ ಶಾಫ್ಟಿಗೆ ಸುತ್ತಿಕೊಂಡು, ಕಾದ ಸೈಲೆನ್ಸರ್ ತಾಗಿದರೆ ಬೆಂಕಿ. ಪಕ್ಕದಲ್ಲಿ ಬಿಟ್ಟ ಜಾಗದಿಂದಲೇ ಹೋಗಿ. ದಾಟಲೇಬೇಕಾದರೆ ನಿಧಾನಕ್ಕೆ ದಾಟಿ, ಮುಂದೆ ನಿಲ್ಲಿಸಿ, ಬಗ್ಗಿ ನೋಡಿ, ಸಿಕ್ಕಿದ್ದನ್ನು ಕಿತ್ತು ಹಾಕಿ. ಭತ್ತದ ಸೀಮೆಯಲ್ಲಿ ಇದೇ ಹೊತ್ತಿಗೆ ಕಟಾವು ಯಂತ್ರಗಳು, ರಸ್ತೆಯಷ್ಟೇ ಅಗಲದ ಹುಲ್ಲು ಹೇರಿದ ಟ್ರಾಕ್ಟರುಗಳು ಓಡಾಡುತ್ತವೆ. ಎಷ್ಟೋ ಟ್ರೇಲರುಗಳಿಗೆ ಹಿಂದೆ ದೀಪ ಇರುವುದಿಲ್ಲ. ಅದಕ್ಕೇ ನನ್ನ ಗಾಡಿ ಸಂಜೆ ಆರಕ್ಕೆ ನಿಲ್ಲುತ್ತದೆ. ಮಲಗುವ ಮನೆಯನ್ನೇ ಜೊತೆಗೆ ತಂದವರಿಗೆ ರಾತ್ರಿ ಓಡಿಸುವ ಅವಸರ ಯಾಕೆ?

ಟೈರಿನ ಗಾಳಿ ಬೆಳಗಿನ ತಂಪಿನಲ್ಲೇ ನೋಡಿ. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಮಧ್ಯಾಹ್ನ ಮೀಟರ್ ಜಾಸ್ತಿ ತೋರಿಸಿಯೇ ತೋರಿಸುತ್ತದೆ. ಜಾಸ್ತಿಯಾಯಿತು ಅಂತ ಬಿಸಿ ಟೈರಿನಿಂದ ಗಾಳಿ ಬಿಟ್ಟರೆ ಮರುದಿನ ಕಡಿಮೆ ಗಾಳಿಯಲ್ಲಿ ಓಡಿಸಿದ ಹಾಗಾಗುತ್ತದೆ. ಟೈರ್ ಸಿಡಿಯುವುದು ಹೆಚ್ಚಾಗಿ ಕಡಿಮೆ ಗಾಳಿಯಿಂದಲೇ.

ಎರೆ ಮಣ್ಣಿನ ಮಾತು

ಬೇರೆ ಕಡೆಯಿಂದ ಬರುವವರು ಕೇಳಲೇಬೇಕಾದ ವಿಷಯ ಇದು. ನಮ್ಮ ಎರೆ ನೆಲ, ಅಂದರೆ ಕಪ್ಪು ಮಣ್ಣು, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಿನಂತೆ ನಿಂತಿರುತ್ತದೆ. ಒಂದು ಮಳೆ ಬಿದ್ದರೆ ಸಾಕು, ಹದ ಮಾಡಿದ ಹಿಟ್ಟು. ಮೇಲೆ ಒಣಗಿದಂತೆ ಕಂಡರೂ ನಾಲ್ಕು ಬೆರಳು ಕೆಳಗೆ ಅದೇ ಹಿಟ್ಟು. ಎದುರಿನ ಗಾಡಿಗೆ ದಾರಿ ಬಿಡಲು ಎಡಗಾಲಿಯನ್ನು ಡಾಂಬರಿನಿಂದ ಕೆಳಗಿಳಿಸಿದಿರೋ, ಗಾಡಿ ಹೊಲದ ಕಡೆಗೆ ವಾಲತೊಡಗುತ್ತದೆ. ಮೇಲೆ ಎಸಿ, ಕಪಾಟು, ಪಾತ್ರೆಯ ತೂಕ ಇರುವ ಗಾಡಿ ಅದು. ಮಳೆಗಾಲದಲ್ಲಿ ಡಾಂಬರು ಬಿಡಬೇಡಿ. ನಿಂತುಕೊಳ್ಳಿ, ದೀಪ ಹಾಕಿ, ಎದುರಿನವರೇ ನಿಧಾನಕ್ಕೆ ದಾಟಲಿ. ಇಳಿಯಲೇಬೇಕಾದರೆ ಗರಸು (ಕೆಂಪು ಗಟ್ಟಿ ಮಣ್ಣು, ಮುರಂ) ಹಾಕಿದ ಜಾಗ ನೋಡಿ, ಮೊದಲು ಇಳಿದು ಹಿಮ್ಮಡಿಯಿಂದ ಜೋರಾಗಿ ಒತ್ತಿ. ಹಿಮ್ಮಡಿ ಗುರುತು ಮೂಡಿದರೆ ಗಾಲಿ ಹೂಳುತ್ತದೆ.

ಹೂತರೆ ಗಾಲಿ ತಿರುಗಿಸುತ್ತಾ ಕೂರಬೇಡಿ. ಪ್ರತಿ ಸುತ್ತಿಗೂ ಗುಂಡಿ ಆಳವಾಗುತ್ತದೆ, ಮಣ್ಣು ಟೈರಿನ ಹಲ್ಲು ತುಂಬಿ ಅದು ನುಣ್ಣಗಾಗುತ್ತದೆ. ಎಂಜಿನ್ ಬಂದ್ ಮಾಡಿ, ಜನರನ್ನು ಇಳಿಸಿ, ನೀರಿನ ಟ್ಯಾಂಕ್ ಖಾಲಿ ಮಾಡಿ. ಗಾಲಿಯ ಮುಂದಿನ ಮಣ್ಣನ್ನು ಸಲಿಕೆಯಿಂದ ಇಳಿಜಾರು ತೆಗೆಯಿರಿ. ಜಾಕಿ ಕೆಳಗೆ ಅಗಲ ಹಲಗೆ ಇಡಿ, ಇಲ್ಲದಿದ್ದರೆ ಗಾಡಿ ಏಳುವ ಬದಲು ಜಾಕಿ ಇಳಿಯುತ್ತದೆ. ಗಾಲಿ ಎತ್ತಿ ಅದರ ಕೆಳಗೆ ಕಲ್ಲು, ಹತ್ತಿ ಕಟ್ಟಿಗೆ, ಗೋಣಿಚೀಲ ತುಂಬಿ. ಎರಡನೇ ಗೇರಿನಲ್ಲಿ ಮೆಲ್ಲಗೆ ಬಿಡಿ. ಆಗಲಿಲ್ಲವೇ, ಟ್ರಾಕ್ಟರ್ ಕರೆಯಿರಿ. ಎಳೆಯುವ ಕೊಕ್ಕೆ ಚಾಸಿಗೆ ಹಾಕಬೇಕು, ಬಂಪರಿಗೆ ಅಲ್ಲ. ಹಗ್ಗ ಬಿಗಿಯಾದಾಗ ಅದರ ಹತ್ತಿರ ಯಾರೂ ನಿಲ್ಲಬಾರದು. ಸಾಧ್ಯವಾದರೆ ಬಂದ ದಾರಿಯಲ್ಲೇ ಹಿಂದಕ್ಕೆ ಎಳೆಸಿ, ಆ ಕಡೆ ನೆಲ ಹೇಗಿದೆ ಅಂತ ಗೊತ್ತಿರುತ್ತದೆ. ಟ್ರಾಕ್ಟರಿನವರು ದುಡ್ಡು ಬೇಡ ಅನ್ನಬಹುದು. ಡೀಸೆಲ್‌ಗಾದರೂ ಕೊಡಿ.

ಹಳ್ಳ ಹರಿಯುತ್ತಿದ್ದರೆ ಸೇತುವೆ ಮೇಲಿನ ನೀರಿಗೆ ಗಾಡಿ ಇಳಿಸಬೇಡಿ. ಚಹಾ ಮಾಡಿ ಕುಡಿಯಿರಿ, ಒಲೆ ನಿಮ್ಮ ಹತ್ತಿರವೇ ಇದೆ.

ರಾತ್ರಿ ತಂಗುವುದು, ಬೆಳಗ್ಗೆ ಹೊರಡುವುದು

ಪೆಟ್ರೋಲ್ ಬಂಕ್, ದಾಬಾ, ದೇವಸ್ಥಾನದ ಬಯಲು, ಎಲ್ಲೇ ಆದರೂ ಕೇಳಿ ನಿಲ್ಲಿಸಿ. ಬೆಳಕಿರುವಾಗಲೇ ತಲುಪಿದರೆ ವೈರು ಎಲ್ಲಿದೆ, ಗುಂಡಿ ಎಲ್ಲಿದೆ ಕಾಣುತ್ತದೆ. ಮೂತಿ ರಸ್ತೆ ಕಡೆಗೆ ಇರುವಂತೆ ಸಂಜೆಯೇ ರಿವರ್ಸ್ ಹಾಕಿ ನಿಲ್ಲಿಸಿ. ಬೆಳಗ್ಗೆ ಎದ್ದಾಗ ಎರಡು ಲಾರಿ ನಿಮ್ಮ ಅಕ್ಕಪಕ್ಕ ಬಂದು ನಿಂತಿದ್ದರೂ ನೆಟ್ಟಗೆ ಹೊರಡಬಹುದು.

ಹೊರಡುವ ಮುಂಚೆ ಗಾಡಿಯ ಸುತ್ತ ಒಂದು ಸುತ್ತು, ಪ್ರತಿ ಸಲ ಒಂದೇ ದಿಕ್ಕಿನಲ್ಲಿ. ಮೆಟ್ಟಿಲು ಮಡಚಿದೆಯಾ, ನೆರಳಿನ ಪರದೆ ಸುತ್ತಿದೆಯಾ, ಕರೆಂಟಿನ ವೈರು ಕಿತ್ತಿದೆಯಾ, ಕಿಟಕಿ ಮುಚ್ಚಿದೆಯಾ, ಕೆಳಗೆ ನಾಯಿ ಮಲಗಿದೆಯಾ. ಬೇಸಿಗೆಯಲ್ಲಿ ಮಲಗಿಯೇ ಇರುತ್ತದೆ. ಕೊನೆಗೆ ಗಾಲಿಗೆ ಕೊಟ್ಟ ಕಲ್ಲು. ಅದನ್ನು ತೆಗೆದು ದಾರಿಯ ಮೇಲೆ ಬಿಟ್ಟು ಹೋಗಬೇಡಿ. ಎತ್ತಿ ಬೇಲಿ ಬುಡಕ್ಕೆ ಹಾಕಿ. ಮುಂದಿನ ರಾತ್ರಿ ಅದೇ ದಾರಿಯಲ್ಲಿ ಒಬ್ಬ ಬೈಕಿನವನು ಬರುತ್ತಾನೆ.